ಹವಾಲ್ದಾರನಿಂದ ಕದ್ದ ಅಡ್ಡಹೆಸರು

ನಮ್ಮ ಮನೆಯ ರೊಟ್ಟಿಯಲ್ಲಿ ಯಾವಾಗಲೂ ಒಂದು ಎಳೆ ಅರಳೆ ಇರುತ್ತಿತ್ತು. ಎಷ್ಟು ಮುಚ್ಚಿಟ್ಟರೂ ಅಷ್ಟೇ. ಅವ್ವ ಹಿಟ್ಟಿನ ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು, ನೀರಿನ ಕೊಡಕ್ಕೆ ತಾಟು ಮುಚ್ಚಿ ಅದರ ಮೇಲೊಂದು ಕಲ್ಲು ಹೇರುತ್ತಿದ್ದಳು. ಆದರೂ ತುತ್ತು ಬಾಯಿಗಿಟ್ಟು ಎರಡು ಸಲ ಅಗಿಯುವಷ್ಟರಲ್ಲಿ ಕೂದಲಿನಂಥದ್ದೊಂದು ನಾಲಗೆಗೆ ಸಿಕ್ಕುತ್ತಿತ್ತು. ಅಪ್ಪ ಅದನ್ನು ಎರಡು ಬೆರಳಿನಿಂದ ತೆಗೆದು, ಬೆಳಕಿಗೆ ಹಿಡಿದು, ಇದು ಜವಾರಿ ಹತ್ತಿ, ಇದು ಯಾರದೋ ಹಳೇ ಗಾದಿಯದು ಎಂದು ಗುರುತು ಹೇಳಿ ಮತ್ತೆ ಉಣ್ಣುತ್ತಿದ್ದ. ನನಗೆ ವಾಕರಿಕೆ ಬರುತ್ತಿತ್ತು. ಬೇರೆಯವರ ಬೆವರು ಕುಡಿದ ಅರಳೆ ನಮ್ಮ ಹೊಟ್ಟೆಗೆ ಹೋಗುತ್ತಿದೆ ಎಂಬುದೊಂದೇ ನನ್ನ ತಲೆಯಲ್ಲಿ. ಆ ಅರಳೆಯೇ ರೊಟ್ಟಿ ತರುತ್ತಿತ್ತು ಎಂಬುದು ಹೊಳೆಯದಷ್ಟು ದಡ್ಡನೇನೂ ನಾನಾಗಿರಲಿಲ್ಲ. ಹೊಳೆದಿತ್ತು, ಅದಕ್ಕೇ ಇನ್ನಷ್ಟು ಅಸಹ್ಯವಾಗುತ್ತಿತ್ತು. ಹುಡುಗನಾಗಿದ್ದ ಆ ನನ್ನನ್ನು ನೆನೆದರೆ ಈಗಲೂ ನನಗೆ ಕರುಣೆ ಬರುವುದಿಲ್ಲ. ಚಿಕ್ಕವನಿದ್ದ, ತಿಳಿಯಲಿಲ್ಲ ಎಂದು ಮುದುಕರು ತಮ್ಮ ಬಾಲ್ಯಕ್ಕೆ ಮಾಫಿ ಕೊಟ್ಟುಕೊಳ್ಳುವುದನ್ನು ಬಹಳ ಕೇಳಿದ್ದೇನೆ. ನನಗೆಲ್ಲ ತಿಳಿಯುತ್ತಿತ್ತು.

ಗದಗದ ಕಡೆಯ ಒಂದು ಊರು. ಎರಡು ಅಂಕಣದ ಮನೆ. ಮುಂದಿನ ಅಂಕಣ ಇಡಿಯಾಗಿ ಕಮಾನಿನದು, ನಾವು ಐದು ಜನ ಹಿಂದಿನದರಲ್ಲಿ. ಕಮಾನು ಎಂದರೆ ಆಳುದ್ದದ ಮರದ ಬಿಲ್ಲು. ತೊಲೆಯಿಂದ ಹಗ್ಗ ಕಟ್ಟಿ ತೂಗಿಬಿಟ್ಟಿದ್ದರು, ಅದಕ್ಕೆ ನರದ ಹುರಿ. ಅಪ್ಪ ಗಂಟುಗಟ್ಟಿದ ಅರಳೆಯ ಗುಡ್ಡೆಯಲ್ಲಿ ಹುರಿಯನ್ನು ಇಳಿಬಿಟ್ಟು ಮರದ ಕೊಡತಿಯಿಂದ ಮೀಟಿದರೆ ಟೊಂಯ್ ಟೊಂಯ್ ಎಂದು ಮನೆಯೆಲ್ಲ ನಡುಗಿ, ಅರಳೆ ಎಳೆ ಎಳೆಯಾಗಿ ಮೇಲೆದ್ದು ತೊಲೆಗೆ, ಗೋಡೆಗೆ, ಅಪ್ಪನ ಹುಬ್ಬಿಗೆ ಹತ್ತುತ್ತಿತ್ತು. ಮೂವತ್ತೈದು ವರ್ಷದ ಮನುಷ್ಯ ಮಧ್ಯಾಹ್ನದ ಹೊತ್ತಿಗೆ ಎಂಬತ್ತರ ಮುದುಕನಂತೆ ಬೆಳ್ಳಗಾಗಿ ಒಳಗೆ ಬರುತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಕಮಾನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಶುಕ್ರವಾರ ಹುರಿ ಸಡಿಲಿಸಿ ಅದಕ್ಕೂ ರಜೆ ಕೊಡುವುದು ಅವನ ಪದ್ಧತಿ. ಸಂಜೆ ಅವ್ವ ನನ್ನನ್ನು ಹೊಸ್ತಿಲಲ್ಲಿ ಕೂರಿಸಿಕೊಂಡು, ಬೆರಳಿಗೆ ಎಣ್ಣೆ ಸವರಿ, ನನ್ನ ರೆಪ್ಪೆಗಳಲ್ಲಿ ಸಿಕ್ಕ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಅಡಿಗೆಗೂ ಅರಳೆಗೂ ನಡುವೆ ಒಂದು ಪರದೆ ಬೇಕೆಂದು ಅವಳು ವರ್ಷಗಟ್ಟಲೆ ಜಗಳಾಡಿದಳು. ಕೊನೆಗೊಮ್ಮೆ ಅಪ್ಪ ಪರದೆ ಕಟ್ಟಿದ. ಎಂಟೇ ದಿನ. ಆಮೇಲೆ ಯಾವುದೋ ಮದುವೆ ಮನೆಯ ಅವಸರಕ್ಕೆ ಆ ಬಟ್ಟೆ ಗಾದಿಯ ಖೋಳಾಗಿ ಹೊರಟುಹೋಯಿತು. ಊರಿನ ಎಲ್ಲ ಸಿರಿವಂತರ ಬೆನ್ನಿನ ಕೆಳಗೆ ನಮ್ಮಪ್ಪನ ಗಾದಿ ಇತ್ತು. ನಾವು ಮಾತ್ರ ಗೋಣಿತಟ್ಟಿನ ಮೇಲೆ ಹರಕು ಕೌದಿ ಹಾಸಿಕೊಂಡು ಮಲಗುತ್ತಿದ್ದೆವು. ಹೆಗಲ ಮೇಲೆ ಕಮಾನು ಹೊತ್ತು ಹುರಿ ಮೀಟುತ್ತ ಅಪ್ಪ ಓಣಿಯಲ್ಲಿ ಬಂದರೆ ಹುಡುಗರು ಟೊಂಯ್ ಟೊಂಯ್ ಸಾಬ ಎಂದು ಹಿಂದೆ ಬೀಳುತ್ತಿದ್ದರು. ಅಪ್ಪ ನಗುತ್ತ ಅವರಿಗಾಗಿ ಇನ್ನೊಂದು ಸಲ ಮೀಟುತ್ತಿದ್ದ. ನಾನು ಬೇರೆ ಓಣಿ ಹಿಡಿದು ಹೋಗುತ್ತಿದ್ದೆ.

ಇದನ್ನೆಲ್ಲ ಈಗ ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ, ಮಗನ ಮನೆಯ ಅಡಿಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಧೂಳೂ ಇಲ್ಲ, ಅರಳೆಯೂ ಇಲ್ಲ. ಗಾದಿ ಎಂದರೆ ಮೂರು ಆಳು ಎತ್ತಲಾಗದ ಸ್ಪ್ರಿಂಗಿನ ಪೆಟ್ಟಿಗೆ. ಮಗ ಸಲೀಮ ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿದ್ದಾನೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಂಚೆ ಕಚೇರಿಯ ಸಾರ್ಟಿಂಗಿನಲ್ಲಿ ಜೀವ ಸವೆಸಿದವನು. ಆಯುಷ್ಯವೆಲ್ಲ ಜನರ ಹೆಸರುಗಳನ್ನು ಖಾನೆಗೆ ಎಸೆಯುತ್ತ ಕಳೆದವನಿಗೆ ಎಲ್ಲಿ ಹೋದರೂ ಹೆಸರು ಓದುವ ಚಟ. ಮೌಂಟ್ ಆಲ್ಬರ್ಟಿಗೆ ಬಸ್ಸಿನಲ್ಲಿ ಹೋಗುವಾಗ ಅಂಗಡಿಗಳ ಫಲಕ, ಹಿಂಭಾಗ ತೆರೆದ ಸಣ್ಣ ಲಾರಿಯಂಥ ಯೂಟ್‌ಗಳ ಬಾಗಿಲಿನ ಮೇಲಿನ ಅಕ್ಷರ, ಯುದ್ಧದಲ್ಲಿ ಸತ್ತವರ ಕಲ್ಲು, ಎಲ್ಲ ಓದುತ್ತೇನೆ. ಬೇಕರ್ ಎಂಬುವನು ವೈರಿನ ಸುರುಳಿ ಹೇರಿಕೊಂಡು ಕರೆಂಟಿನ ಕೆಲಸಕ್ಕೆ ಬರುತ್ತಾನೆ. ಟೇಲರ್ ಎಂಬುವನು ಸೂರು ರಿಪೇರಿ ಮಾಡುತ್ತಾನೆ. ಇಂಗ್ಲಿಷಿನಲ್ಲಿ ಕುಂಬಾರ, ಕಮ್ಮಾರ, ಬಡಿಗ, ಕಟುಕ ಎಂಬ ಹೆಸರುಗಳನ್ನು ಹೊತ್ತವರು ಡಾಕ್ಟರಾಗಿದ್ದಾರೆ, ವಕೀಲರಾಗಿದ್ದಾರೆ, ಮನೆ ಮಾರಾಟದ ಬೋರ್ಡಿನಲ್ಲಿ ಹಲ್ಲು ಕಿರಿಯುತ್ತಿದ್ದಾರೆ. ಒಬ್ಬನೂ ಹೆಸರು ಬದಲಿಸಿಲ್ಲ.

ನಮ್ಮವರ ಕತೆಯೇ ಬೇರೆ. ಕರ್ನಾಟಕದ ಊರುಗಳಿಂದ ಬಂದ ನಮ್ಮ ನಾಲ್ಕಾರು ಮುಸ್ಲಿಂ ಮನೆಗಳು ಭಾನುವಾರ ಮಧ್ಯಾಹ್ನ ಸೇರುತ್ತವೆ. ಬಿರಿಯಾನಿ ತಿಂದು ಕೈ ತೊಳೆದ ಮೇಲೆ ಎಲ್ಲರಿಗೂ ಪೂರ್ವಜರು ಹುಟ್ಟುತ್ತಾರೆ. ಒಬ್ಬನ ಮುತ್ತಜ್ಜ ವಿಜಾಪುರದ ದರ್ಬಾರಿನಲ್ಲಿದ್ದ. ಇನ್ನೊಬ್ಬನವನು ಅರಬಸ್ತಾನದಿಂದ ಹಡಗಿನಲ್ಲಿ ಬಂದ. ಯಾರ ಮುತ್ತಜ್ಜನೂ ಪಾತ್ರೆಗೆ ಕಲಾಯಿ ಹಾಕಲಿಲ್ಲ, ಬಳೆ ಮಾರಲಿಲ್ಲ. ಅರಳೆ ಹಿಂಜಿದವನ ಸುದ್ದಿಯೇ ಇಲ್ಲ. ಇವರ ಬೊಗಳೆ ಕೇಳಿ ನನಗೆ ನಗು ಬರಬೇಕಿತ್ತು. ಆದರೆ ಅತಿ ದೊಡ್ಡ ಬೊಗಳೆ ನನ್ನದೇ ಆಗಿತ್ತು. ನಿಮ್ಮ ಅಡ್ಡಹೆಸರು ಪಠಾಣ, ಯಾವ ಕಡೆಯವರು ಎಂದು ಯಾರೋ ಕೇಳಿದ ದಿನ, ಕಾಬೂಲಿನಿಂದ ಕುದುರೆ ಹೊಡೆದುಕೊಂಡು ಬಂದು ನವಾಬರಿಗೆ ಮಾರಿದ ವಂಶ ನಮ್ಮದು ಎಂದಿದ್ದೆ. ಕುದುರೆಯ ಬೆನ್ನು ನಾನು ಮುಟ್ಟಿದವನಲ್ಲ. ಪಕ್ಕದಲ್ಲಿ ಕೂತು ತಟ್ಟೆಯಲ್ಲಿನ ಈರುಳ್ಳಿ ಆರಿಸುತ್ತಿದ್ದ ಮೊಮ್ಮಗಳು ಸನಾ ಅದನ್ನು ಕೇಳಿಸಿಕೊಂಡಳು. ಅವಳಿಗೆ ಹನ್ನೊಂದು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪರೂಪಕ್ಕೆ ಕನ್ನಡ ಆಡಿದರೆ ಎಲ್ಲರನ್ನೂ ನೀ ಎನ್ನುತ್ತಾಳೆ. ಅವಳು ಕನ್ನಡ ಕಲಿತದ್ದು ತಾಯಿಯ ಬೈಗುಳದಿಂದ, ಅದರಲ್ಲಿ ನೀವು ಎಲ್ಲಿಂದ ಬರಬೇಕು? ಅಜ್ಜನಾದ ನನಗೆ ದಾದಾ, ಬಾ ಎಂದರೆ, ಬರ್ರಿ ಅನ್ನಬೇಕು ಎಂದು ನಾನು ಪ್ರತಿಸಲ ತಿದ್ದುತ್ತಿದ್ದೆ. ಮರ್ಯಾದೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ನಮ್ಮ ಬೇಲಿಯಾಚೆಯ ಮನೆ ವಾಕರ್ ಎಂಬ ಮುದುಕನದು. ನಿವೃತ್ತ ಬಸ್ ಡ್ರೈವರ್, ನನ್ನದೇ ವಯಸ್ಸು. ಚಳಿಗಾಲದಲ್ಲೂ ಚಡ್ಡಿ ಹಾಕಿಕೊಂಡು ಹುಲ್ಲು ಕತ್ತರಿಸುತ್ತಾನೆ. ವಾಕರ್ ಎಂದರೆ ನಡೆಯುವವನು, ಊರೂರು ಅಲೆದ ಯಾರೋ ತಿರುಬೋಕಿಯ ಸಂತಾನ ಎಂದು ನಾನು ಮನಸ್ಸಿನಲ್ಲೇ ಅರ್ಥ ಮಾಡಿಕೊಂಡು ಅವನನ್ನು ಕೀಳಾಗಿ ನೋಡುತ್ತಿದ್ದೆ. ಸನಾಳ ಶಾಲೆಯಲ್ಲಿ ಪ್ರತಿ ಮಗುವೂ ಒಂದು ಇಂಗ್ಲಿಷ್ ಅಡ್ಡಹೆಸರನ್ನೂ ತನ್ನ ಅಡ್ಡಹೆಸರನ್ನೂ ಆರಿಸಿಕೊಂಡು, ಅವು ಎಲ್ಲಿ ಹುಟ್ಟಿದವು, ಈಗ ಎಲ್ಲೆಲ್ಲಿ ಹಬ್ಬಿವೆ ಎಂದು ಶುಕ್ರವಾರ ಎಲ್ಲರ ಮುಂದೆ ಹೇಳಬೇಕಿತ್ತು. ಅವಳು ನೇರ ಬೇಲಿಗೆ ಹೋಗಿ ಮುದುಕನನ್ನು ಕೇಳಿದಳು. ಅವನು ಹುಲ್ಲಿನ ಯಂತ್ರ ಆರಿಸಿ, ಬೇಲಿಗೆ ಮೊಣಕೈ ಊರಿ, ಹಬ್ಬದ ಊಟದ ಸುದ್ದಿ ಹೇಳುವವನಂತೆ ಹೇಳಿದ. ಅವನ ಇಂಗ್ಲಿಷನ್ನು ನನಗೆ ತಿಳಿದಂತೆ ಬರೆಯುತ್ತೇನೆ.

“ನಡೆಯುವವನೇ, ಆದರೆ ರಸ್ತೆಯಲ್ಲಲ್ಲ ಮಗಳೇ, ತೊಟ್ಟಿಯಲ್ಲಿ. ನೇಯ್ದ ಉಣ್ಣೆ ಬಟ್ಟೆಯನ್ನು ತೊಟ್ಟಿಗೆ ಹಾಕಿ, ಹಳಸಿದ ಉಚ್ಚೆ ಸುರಿದು, ಬೆಳಗಿನಿಂದ ಸಂಜೆತನಕ ಅದರ ಮೇಲೆ ನಡೆಯುವುದು. ಬಟ್ಟೆ ಗಟ್ಟಿಯಾಗಬೇಕಲ್ಲ. ನಮ್ಮಪ್ಪ ಹೇಳುತ್ತಿದ್ದ, ನಮ್ಮ ಕಾಲಿನ ವಾಸನೆ ವಂಶದಿಂದ ಬಂದದ್ದು ಅಂತ.”

ಹೇಳಿ ತನ್ನ ಬರಿಗಾಲನ್ನು ಎತ್ತಿ ತೋರಿಸಿದ. ಸನಾ ಮೂಗು ಹಿಡಿದುಕೊಂಡು ನಕ್ಕಳು. ಇಂಗ್ಲೆಂಡಿನ ಉತ್ತರದಲ್ಲಿ ಆ ಕೆಲಸದವರಿಗೆ ವಾಕರ್ ಎಂದು, ಆಗ್ನೇಯದಲ್ಲಿ ಫುಲ್ಲರ್ ಎಂದು, ನೈರುತ್ಯದಲ್ಲಿ ಟಕರ್ ಎಂದು ಹೆಸರಂತೆ. ಕೆಲಸ ಒಂದೇ, ಉಚ್ಚೆಯೂ ಒಂದೇ. ಅಲ್ಲಿಂದ ಹಡಗು ಹತ್ತಿದವರು ಇಲ್ಲಿ ಇಳಿದು, ಈಗ ಈ ದೇಶದ ಯಾವ ಊರಿನಲ್ಲಿ ಕಲ್ಲೆಸೆದರೂ ಒಬ್ಬ ವಾಕರನಿಗೆ ತಾಗುತ್ತದೆ ಎಂದು ಮುದುಕ ಜಂಬದಿಂದ ಹೇಳಿದ. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ನಿಂತು ಎಲ್ಲ ಕೇಳಿದೆ. ಉಚ್ಚೆಯಲ್ಲಿ ನಿಂತವನ ಮೊಮ್ಮಗ ಕಾಲೆತ್ತಿ ತೋರಿಸುತ್ತಿದ್ದಾನೆ, ಶುಭ್ರ ಬಿಳಿ ಅರಳೆಯಲ್ಲಿ ಕೂತವನ ಮಗ ಹಗ್ಗದ ಹಿಂದೆ ಅಡಗಿದ್ದಾನೆ. ಆ ಹೊತ್ತು ಅವನ ಮೇಲೆ ಬಂದ ಸಿಟ್ಟು ಯಾಕೆಂದು ನನಗೇ ಗೊತ್ತಿತ್ತು.

ಬುಧವಾರ ಸಂಜೆ ಸನಾ ದೊಡ್ಡ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಎಡಗಡೆ ಇಂಗ್ಲೆಂಡಿನ ನಕ್ಷೆ, ವಾಕರಿಗೆ ನೀಲಿ, ಫುಲ್ಲರಿಗೆ ಗುಲಾಬಿ, ಟಕರಿಗೆ ಹಸಿರು. ಬಲಗಡೆ ದೊಡ್ಡಕ್ಷರದಲ್ಲಿ ಪಠಾಣ್, ಅದರ ಕೆಳಗೆ ಗೋಂದು ಹಚ್ಚಿ ಅಂಟಿಸಿದ ಒಂದು ಕುದುರೆ. ಕಾಬೂಲಿನಿಂದ ಬಂದ ಕುದುರೆ ವ್ಯಾಪಾರಿಗಳ ವಂಶ, ಮೈ ಗ್ರ್ಯಾಂಡ್‌ಫಾದರ್ ಟೋಲ್ಡ್ ಮಿ ಎಂದು ಬರೆದಿದ್ದಳು. ನನ್ನ ಸುಳ್ಳು ನನ್ನೊಂದಿಗೇ ಮಣ್ಣಾಗುತ್ತದೆ ಎಂದುಕೊಂಡಿದ್ದೆ. ಈಗ ಅದು ಒಂದು ಮಗುವಿನ ಬಾಯಿಂದ, ನನ್ನ ಸಾಕ್ಷಿ ಹೇಳಿಕೊಂಡು, ಇಡೀ ಶಾಲೆಯ ಮುಂದೆ ಹೊರಬೀಳಲಿತ್ತು. ಅವಳು ಅತ್ತ ಹೋದ ಮೇಲೆ ಸಲೀಮನಿಗೆ, ಇವಳಿಗೆ ನಿಜ ಹೇಳಿಬಿಡಲೇ ಎಂದು ಕೇಳಿದೆ. ಅಜ್ಜ ಅರಳೆ ಹಿಂಜುವವನೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದನ್ನು ನಾನೇ ಅವನಿಗೆ ಕಲಿಸಿದ್ದೆ.

“ಅಬ್ಬಾ, ಪಾಸ್‌ಪೋರ್ಟ್‌ನ್ಯಾಗ ಏನೈತಿ ಅದ ನಮ್ಮ ಹೆಸರು. ಈಗ ಯಾಕ ಹಿಂಜಾಕ ಕುಂತೀರಿ?”

ಹಿಂಜುವುದು ಎಂಬ ಮಾತು ಅವನ ಬಾಯಿಂದ ಸುಮ್ಮನೆ ಬಂತು. ಮಾತು ಹಿಂಜಬೇಡ ಎಂದು ನಮ್ಮ ಕಡೆ ಎಲ್ಲರೂ ಅನ್ನುತ್ತಾರೆ, ಅದು ಯಾರ ಕೆಲಸದಿಂದ ಬಂದ ಮಾತು ಎಂದು ಯಾರೂ ಯೋಚಿಸುವುದಿಲ್ಲ. ಅಜ್ಜನ ಕೆಲಸ ಅವನ ನಾಲಗೆಯ ಮೇಲೆ ಇತ್ತು, ಅವನಿಗದು ತಿಳಿಯಲೇ ಇಲ್ಲ. ಅವನು ನನ್ನನ್ನು ಅಬ್ಬಾ ಎನ್ನುವುದೂ ನನ್ನದೇ ಏರ್ಪಾಡು. ನಮ್ಮ ಮನೆಯಲ್ಲಿ ನಾವು ಅಪ್ಪ ಅವ್ವ ಎಂದೇ ಕರೆದವರು. ಪಠಾಣನಾದ ಮೇಲೆ ಮಗನಿಂದ ಅಪ್ಪ ಎನಿಸಿಕೊಳ್ಳುವುದು ನನಗೆ ಕಡಿಮೆಯೆನಿಸಿತ್ತು.

ಪಠಾಣನಾದದ್ದು ಹೀಗೆ. ನಮ್ಮೂರಿನ ಕನ್ನಡ ಶಾಲೆಯ ದಾಖಲೆಯಲ್ಲಿ ನನ್ನ ಹೆಸರು, ಅಪ್ಪನ ಹೆಸರು ಇದ್ದವು. ಅಡ್ಡಹೆಸರಿನ ಜಾಗ ಖಾಲಿ. ಅರಳೆ ಹಿಂಜುವ ಪಿಂಜಾರ ಊರಿಗೊಬ್ಬನೇ, ಬರೆಯುವ ಅಗತ್ಯವೇನು ಎಂದು ಮಾಸ್ತರರು ಬಿಟ್ಟಿದ್ದರು. ಹೈಸ್ಕೂಲಿಗೆ ಬೇರೆ ಊರಿಗೆ ಹೋದಾಗ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ ಅಡ್ಡಹೆಸರು ಏನೋ ಎಂದು ಕೇಳಿದ. ಅಪ್ಪ ಜೊತೆಗೆ ಬಂದಿರಲಿಲ್ಲ, ಒಂದು ಮದುವೆಯ ಗಾದಿಗಳು ಅರ್ಧಕ್ಕೆ ನಿಂತಿದ್ದವು. ನಮ್ಮೂರ ಠಾಣೆಯಲ್ಲಿ ಪಠಾಣ ಎಂಬ ಹವಾಲ್ದಾರನಿದ್ದ. ಮೀಸೆ ತಿರುವಿಕೊಂಡು ಬಂದರೆ ಚಹಾದಂಗಡಿಯವನು ಎದ್ದು ನಿಲ್ಲುತ್ತಿದ್ದ. ನನಗೆ ಹೊಳೆದದ್ದು ಆ ಮೀಸೆ. ಪಠಾಣ ಎಂದೆ. ಗುಮಾಸ್ತ ಬರೆದ. ಲೇಖನಿ ಒಂದು ಅಂಗುಲ ಓಡಿತು, ಒಂದು ಹೊಸ ಜಾತಿಯೇ ಹುಟ್ಟಿತು. ಆ ಅಂಗುಲದ ಶಾಯಿ ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿಗೆ ಇಳಿಯಿತು, ಅಲ್ಲಿಂದ ನೌಕರಿಗೆ, ರೇಷನ್ ಕಾರ್ಡಿಗೆ, ಸಲೀಮನ ಪಾಸ್‌ಪೋರ್ಟಿಗೆ, ಕೊನೆಗೆ ಆಕ್ಲೆಂಡಿನಲ್ಲಿ ಹುಟ್ಟಿದ ಸನಾಳ ಜನನ ಪತ್ರಕ್ಕೆ.

ಎರಡು ತಿಂಗಳ ಮೇಲೆ ಅಪ್ಪ ಹಾಸ್ಟೆಲಿಗೆ ಬಂದ. ತಲೆಯ ಮೇಲೆ ಸುತ್ತಿದ ಗಾದಿ. ಹುಬ್ಬಿನಲ್ಲಿ, ಮುಂಡಾಸಿನಲ್ಲಿ ಅದೇ ಬಿಳಿ ಎಳೆಗಳು. ನೆಲದ ಮೇಲೆ ಮಲಗಿ ನನಗೆ ಕೆಮ್ಮು ಬಂದಿದೆ ಎಂದು ಯಾರೋ ಊರಿಗೆ ಸುದ್ದಿ ಮುಟ್ಟಿಸಿದ್ದರು. ಹಳೆಯದನ್ನು ಹಿಂಜಿದ ಅರಳೆಯಲ್ಲ, ಹೊಸದಾಗಿ ಬಿಡಿಸಿದ ಹತ್ತಿ. ನಮ್ಮ ಮನೆಯವನೊಬ್ಬನಿಗಾಗಿ ಅಪ್ಪ ಹೊಲಿದ ಮೊದಲ ಗಾದಿ ಅದು. ಆರು ಜನ ಹುಡುಗರು ಕೋಣೆಯಲ್ಲಿದ್ದರು, ಬಾಗಿಲಲ್ಲಿ ವಾರ್ಡನ್ ನಿಂತಿದ್ದರು.

“ಪಠಾಣ, ಯಾರಪಾ ಇವರು?”

ವಾರ್ಡನ್ ಕೇಳಿದ್ದು ನನ್ನನ್ನು. ಅಪ್ಪ, ಪಠಾಣನೆಂದರೆ ಯಾರಿರಬಹುದೆಂದು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ನಾನು ಅವನ ಮುಖ ನೋಡದೆ ಹೇಳಿದೆ.

“ಗಾದಿ ಹೊಲಿಯಾಂವ್ರಿ ಸರ್. ನಮ್ಮೂರಾಂವ.”

ಅಪ್ಪ ತಲೆಯಿಂದ ಗಾದಿ ಇಳಿಸಿ, ನನ್ನ ಕಡೆ ತಿರುಗಿ, ಗಿರಾಕಿಗಳ ಮನೆಯಲ್ಲಿ ನಿಲ್ಲುವಂತೆ ಸ್ವಲ್ಪ ಬಾಗಿ ನಿಂತ.

“ಎಲ್ಲಿ ಹಾಸ್ಲಿರಿ, ಸಾಹೇಬ್ರ?”

ನಾನು ಗೋಡೆ ತೋರಿಸಿದೆ. ಅವನು ಅದನ್ನು ಬಿಚ್ಚಿ ಹಾಸಿ, ನಾಲ್ಕೂ ಮೂಲೆ ಹಿಡಿದು ಜಗ್ಗಿ, ಅರಳೆ ಸಮನಾಗುವಂತೆ ಅಂಗೈಯಿಂದ ತಟ್ಟಿ ತಟ್ಟಿ ಸರಿಮಾಡಿ, ಬರ್ತೀನ್ರಿ ಎಂದು ಹೋದ. ನೀರು ಸಹ ಕುಡಿಯಲಿಲ್ಲ. ನಾನು ಕೊಡಲೂ ಇಲ್ಲ. ಅಂದು ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನನಗಾದದ್ದು ನೆಮ್ಮದಿ. ಪೀಡೆ ತೊಲಗಿತು ಎಂಬ ನೆಮ್ಮದಿ. ಆ ಗಾದಿಯ ಮೇಲೆ ಮೂರು ವರ್ಷ ಸುಖವಾಗಿ ನಿದ್ದೆ ಮಾಡಿದೆ.

ದಸರೆಯ ರಜೆಗೆ ಊರಿಗೆ ಹೋದಾಗ ಅಪ್ಪ ಕಮಾನು ಬಿಟ್ಟು ಎದ್ದು ನಿಂತ. ಬರ್ರಿ, ಕುಂದರ್ರಿ ಎಂದ. ಅವ್ವ ಚೇಷ್ಟೆಯೆಂದು ನಕ್ಕಳು. ಊಟಕ್ಕೆ ಕೂತಾಗ ಉಣ್ರಿ, ರೊಟ್ಟಿ ಹಾಕಿಸ್ಕೋರಿ ಎಂದ. ಮರುದಿನವೂ ಹಾಗೆಯೇ. ಮೂರನೆಯ ದಿನ ಅವ್ವ ರೇಗಿದಳು.

“ಹಡದ ಮಗಗ ಏನದು ರೀ ರೀ? ಅಂವೇನು ಅಮಲದಾರನ?”

“ಸಾಲಿ ಕಲ್ತವ್ರು. ಹಂಗ ಅನ್ನಬೇಕು.”

ಅಷ್ಟೇ. ಹಾಸ್ಟೆಲಿನಲ್ಲಿ ನಡೆದದ್ದನ್ನು ಅಪ್ಪ ಅವ್ವನಿಗೆ ಹೇಳಲಿಲ್ಲ, ತಂಗಿಯರಿಗೆ ಹೇಳಲಿಲ್ಲ, ನನಗೂ ಎತ್ತಿ ಆಡಲಿಲ್ಲ. ಆದರೆ ಸಾಯುವವರೆಗೆ ಒಂದು ಸಲವೂ ನನ್ನನ್ನು ನೀ ಎನ್ನಲಿಲ್ಲ. ಅದು ಶಿಕ್ಷೆಯೋ, ಚೇಷ್ಟೆಯೋ, ಅಥವಾ ನಾನು ಬಯಸಿದ್ದನ್ನು ಆ ಮನುಷ್ಯ ನಿಜವಾಗಿಯೂ ನನಗೆ ಕೊಟ್ಟುಬಿಟ್ಟನೋ, ತಿಳಿಯಲಿಲ್ಲ. ಕೇಳಬಹುದಿತ್ತು. ಕೇಳಿದರೆ ಹಾಸ್ಟೆಲಿನ ಬಾಗಿಲಿಗೇ ಮರಳಬೇಕಾಗುತ್ತಿತ್ತು. ಹಾಗಾಗಿ ನಾನು ಆ ರೀ ಎಂಬುದನ್ನು ಸಾಹೇಬನಂತೆಯೇ ಸ್ವೀಕರಿಸುತ್ತ ಹೋದೆ. ಮೆಚ್ಚಬೇಕು ನನ್ನ ಗಟ್ಟಿತನವನ್ನು. ಅರಳೆ ತುಂಬಿದ ಎದೆಯಿಂದ ಉಸಿರು ಸಿಕ್ಕದೆ ಅವನು ಮಲಗಿದ್ದಾಗ ಎರಡು ದಿನ ರಜೆ ಹಾಕಿ ಹೋಗಿದ್ದೆ. ಏನಾದರೂ ಹೇಳಬೇಕೆಂದು ಅವನ ಪಕ್ಕದಲ್ಲಿ ಕೂತೆ. ಅವನು ನನ್ನ ಕೈ ಮೇಲೆ ಕೈಯಿಟ್ಟು, ಹೊಂಡ್ರಿ, ನಿಮಗ ಡ್ಯೂಟಿ ಐತಿ ಎಂದ. ನಾನು ಹೊರಟೆ. ನನಗೆ ಅವನಾಡಿದ ಕಡೆಯ ಮಾತಿನಲ್ಲೂ ಬಹುವಚನವೇ ಇತ್ತು.

ಗುರುವಾರ ಮಧ್ಯಾಹ್ನ ಸನಾ ಶಾಲೆಯಿಂದ ಬಂದು ಹಾಳೆಯ ಅಂಚಿಗೆ ಬಣ್ಣ ತುಂಬಲು ಕೂತಳು. ನಾನು ಎದುರಿನ ಕುರ್ಚಿಗೆ ಹೋಗಿ, ಒಂದು ಪೆನ್ಸಿಲ್ ಕೊಡು ಎಂದೆ. ಖಾಲಿ ಕಾಗದದ ಮೇಲೆ ನನಗೆ ಬಂದಂತೆ ನಮ್ಮ ಸೀಮೆಯ ನಕ್ಷೆ ಬರೆದೆ. ಸಾರ್ಟಿಂಗಿನವನಿಗೆ ಯಾವ ಹೆಸರು ಯಾವ ಖಾನೆಯದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಪಿಂಜಾರ, ಇಲ್ಲಿ ನದಾಫ, ಕೆಲವು ಕಡೆ ಲದಾಫ, ಆಂಧ್ರದ ಕಡೆ ಹೋದರೆ ದೂದೇಕುಲ, ಉತ್ತರಕ್ಕೆ ಹೋದರೆ ಮನ್ಸೂರಿ. ಕೆಲಸ ಒಂದೇ, ಅರಳೆಯೂ ಒಂದೇ. ಅವಳು ತನ್ನ ನೀಲಿ, ಗುಲಾಬಿ, ಹಸಿರು ನೋಡಿದಳು, ನನ್ನ ನಕ್ಷೆ ನೋಡಿದಳು.

“ಲೈಕ್ ವಾಕರ್, ಫುಲ್ಲರ್, ಟಕರ್. ಸೋ ವೇರ್ ಆರ್ ವಿ?”

ನಾನು ಪಿಂಜಾರ ಎಂದು ಬರೆದ ಕಡೆ ಬೆರಳಿಟ್ಟೆ. ಆಮೇಲೆ ಎಲ್ಲ ಹೇಳಿದೆ, ಗುಮಾಸ್ತನ ಕನ್ನಡಕದಿಂದ ಹಿಡಿದು. ಹಾಸ್ಟೆಲಿನ ಬಾಗಿಲಿಗೆ ಬಂದಾಗ ಸಿಕ್ಕಿಕೊಂಡೆ. ಅಪ್ಪ ನನ್ನನ್ನು ರೀ ಎಂದು ಕರೆದ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಅಲ್ಲಿ ಎಲ್ಲರೂ ಯೂ. ಹೀ ವಾಸ್ ಬೀಯಿಂಗ್ ಪೊಲೈಟ್ ಎಂದಳು. ಅಲ್ಲ ಎಂದೆ. ನೀ ಎನ್ನುವುದು ನಮ್ಮವರಿಗೆ, ಬೇರೆಯವರಿಗೆ ನೀವು, ನಾನು ಅವನನ್ನು ಬೇರೆಯವನು ಎಂದೆ, ಅವನು ಹೂಂ ಎಂದು ಒಪ್ಪಿಕೊಂಡ ಎಂದು ಕನ್ನಡದಲ್ಲೇ ಹೇಳಿದೆ. ಅವಳು ಉಗುರಿನಿಂದ ಕುದುರೆಯ ಅಂಚನ್ನು ಎಬ್ಬಿಸಿ ಮೆಲ್ಲಗೆ ಕಿತ್ತಳು. ಗೋಂದು ಬಿಡಲಿಲ್ಲ, ಆ ಜಾಗದಲ್ಲಿ ಕಾಗದ ಬೆಳ್ಳಗೆ ಎಳೆ ಎಳೆಯಾಗಿ ಎದ್ದು ನಿಂತಿತು. ಪಠಾಣ್ ಎಂಬುದರ ಕೆಳಗೆ, ಕಾಗುಣಿತ ನನ್ನನ್ನು ಕೇಳಿಕೊಂಡು, ಪಿಂಜಾರ ಎಂದು ಬರೆದಳು. ಆಮೇಲೆ ತಲೆಯೆತ್ತಿ ನನ್ನನ್ನು ನೇರ ನೋಡಿದಳು. ಯಾಕೋ ಇಂಗ್ಲಿಷನ್ನು ಬಿಟ್ಟು, ತನ್ನ ಮೊಂಡು ಕನ್ನಡದಲ್ಲಿ ಒಂದೊಂದೇ ಪದ ಹುಡುಕಿ ಹೇಳಿದಳು.

“ದಾದಾ, ನೀ ಸುಳ್ಳ ಹೇಳಿದಿ. ನಿನ್ನ ಅಪ್ಪನ ಮುಂದ.”

ಬಾಗಿಲಲ್ಲಿ ಸಲೀಮ ನಿಂತಿದ್ದ. ಡ್ಯೂಟಿ ಮುಗಿಸಿ ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ. ಕೇಳಿಸಿಕೊಂಡದ್ದು ಎಷ್ಟೇ ಇರಲಿ, ಅವನಿಗೆ ಸಿಕ್ಕ ತಪ್ಪು ಒಂದೇ. ನನ್ನ ಮಗನಲ್ಲವೇ.

“ಸನಾ, ದಾದಾಗ ನೀ ಅಂತಾರೇನು? ಹೇಳಿದ್ರಿ ಅನ್ನು.”

“ಬ್ಯಾಡ ಸಲೀಮ,” ಎಂದೆ. “ನೀ ಅನ್ಲಿ.”